ಹಗಲಿನ ಪರದೆ

ದ್ವೀಪದಿಂದ
ಜನವರಿ, ಮಂಜು ಬಿಟ್ಟ ಮಾರನೆಯ ದಿನ

ಪ್ರೀತಿಯ ಅಕ್ಕನಿಗೆ,

ಬದುಕಿದ್ದೇನೆ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ಚಳಿಗೆ ಹಲ್ಲು ಕಟಕಟ ಕಡಿಯುತ್ತಾ ದ್ವೀಪ ಮುಟ್ಟಿದಾಗ ಭಾವ ಕೈ ಹಿಡಿದು ಮೇಲೆಳೆದುಕೊಂಡರು. ನನ್ನ ಹಿಂದೆ ದೋಣಿಯೊಳಗೆ ಇಣುಕಿ, ನಿನ್ನಕ್ಕನೂ ಬಂದಳಾ ಅಂತ ಕೇಳಿದರು. ಇಲ್ಲ ಅಂದೆ. ನನ್ನ ಚೀಲ ಹೆಗಲಿಗೇರಿಸಿಕೊಂಡರು.

ನೀನು ಯಾಕೆ ಕಳಿಸಿದೆ ಅನ್ನುವುದನ್ನು ಮರೆತಿಲ್ಲ ಮಹಾರಾಯ್ತಿ. ಭಾವ ಬಂದರಿನ ಕಚೇರಿಯ ಕೆಲಸಕ್ಕೆ ಒಪ್ಪಿ ಈ ದೀಪಸ್ತಂಭದ ಕಾವಲು ಬಿಟ್ಟು ಬರುತ್ತಾರೋ ಇಲ್ಲವೋ ಕೇಳಬೇಕು. ಇಲ್ಲ ಅಂದರೆ ನೀನು ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡುತ್ತೀಯ. ಕೇಳಿದ್ದೇನೆ. ಹೇಳುತ್ತೇನೆ, ಸ್ವಲ್ಪ ತಡಿ.

ಮೊದಲು ಇಲ್ಲಿನ ದೀಪದ ಗಾಜಿನ ವಿಷಯ. ನಾನು ಏನೋ ಒಂದು ದೊಡ್ಡ ಬಲ್ಬು ಇರುತ್ತದೆ ಅಂದುಕೊಂಡಿದ್ದೆ. ಬಲ್ಬು ನನ್ನ ಮುಷ್ಟಿಯಷ್ಟೂ ಇಲ್ಲ! ಅದರ ಸುತ್ತ ಆಳೆತ್ತರದ ಗಾಜು, ಹೆಚ್ಚಿದ ಈರುಳ್ಳಿಯ ಹಾಗೆ ಬಳೆಯೊಳಗೆ ಬಳೆ. ಅದರೊಳಗೆ ನನ್ನ ಮುಖವೇ ನೂರು ಕಡೆ ತಲೆಕೆಳಗಾಗಿ ನಿಂತಿತ್ತು.

ಹಗಲು ಹೊತ್ತು ಅದರ ಸುತ್ತ ಬಟ್ಟೆಯ ಪರದೆ ಎಳೆದಿರುತ್ತಾರೆ. ಭಾವನೇ ಹೊಲಿದದ್ದು. ಹೊಲಿಗೆಯೋ, ಕುಡಿದವನ ನಡಿಗೆ! ಮೂರು ಹೊತ್ತೂ ಮಿಷನ್ ತುಳಿಯುವ ನನಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಭಾವ ಕೆಳಗೆ ನೀರು ತುಂಬಿಸುತ್ತಿದ್ದಾಗ ಪರದೆ ಬಿಚ್ಚಿದೆ, ಮೆಟ್ಟಿಲು ಹತ್ತಿ ಬಂದ ಸೆಕೆಗೆ ಕೋಟು ತೆಗೆದು ದೀಪದ ಪಕ್ಕದ ಕೊಂಡಿಗೆ ಹಾಕಿ, ಹೊಲಿಯಲು ಕೂತೆ. ಆಗಲೇ ಮಂಜು ಸರಿದು, ಚಳಿಗಾಲದ ಬಿಸಿಲು ಅಡ್ಡಲಾಗಿ ಒಳಗೆ ಬಿತ್ತು. ಎಷ್ಟು ಚಂದ ಅಂದುಕೊಳ್ಳುವಷ್ಟರಲ್ಲಿ ಸುಟ್ಟ ಉಣ್ಣೆಯ ವಾಸನೆ. ದೀಪದ ಬೆಳಕನ್ನು ಹೊರಗೆ ಕಳಿಸುವ ಗಾಜು ಸೂರ್ಯನನ್ನು ಒಳಗೆ ಒಂದೇ ಚುಕ್ಕಿಗೆ ಎಳೆದು ತರುತ್ತದಂತೆ. ಪರದೆ ಇರುವುದು ಅದಕ್ಕೇ. ನನಗೇನು ಗೊತ್ತು?

ನಾನು ಕಿರುಚಿದ್ದಕ್ಕೆ ಭಾವ ಓಡಿ ಬಂದವರೇ ಕಿಟಕಿಗೂ ಗಾಜಿಗೂ ನಡುವೆ ಎರಡೂ ಕೈ ಅಗಲಿಸಿ ನಿಂತುಬಿಟ್ಟರು, ತಾವೇ ಪರದೆಯಾದವರ ಹಾಗೆ. ಹೊದಿಸು, ಮೊದಲು ಹೊದಿಸು, ಆಮೇಲೆ ಅಳುವಿಯಂತೆ ಅಂದರು. ಹೊದಿಸಿದ ಮೇಲೆ ಗಾಜನ್ನು ಇಂಚಿಂಚೂ ಸವರಿ ನೋಡಿ, ಆಮೇಲೆ ನನ್ನ ಕೈ ಸುಟ್ಟಿತಾ ಅಂತ ಕೇಳಿದರು. ಈ ಮಾತು ನಿನಗೆ ಹಿಡಿಸುವುದಿಲ್ಲ, ಗೊತ್ತು. ನನಗೂ ಆ ಗಳಿಗೆ ಸಿಟ್ಟು ಬಂತು.

ಸಂಜೆ ದೀಪ ಹಚ್ಚುವಾಗ ನನ್ನನ್ನು ಹೊರಗೆ ನಿಲ್ಲಿಸಿದರು. ಅಕ್ಕಾ, ಹೇಗೆ ಹೇಳಲಿ? ನನ್ನ ತಲೆಯ ಮೇಲಿಂದ ಬೆಳಕಿನ ತೊಲೆಗಳು ಹೊರಟು ಕಪ್ಪು ನೀರಿನ ಮೇಲೆ ಒಂದಿಷ್ಟೂ ಸದ್ದಿಲ್ಲದೆ ತಿರುಗಿದವು. ನನಗೆ ಅಳು ಬಂತು. ದೂರದಲ್ಲಿ ಒಂದು ಮೀನುದೋಣಿ ತನ್ನ ದೀಪವನ್ನು ಆರಿಸಿ ಹಚ್ಚಿತು. ದಿನಾ ಹೀಗೆ ಮಾಡ್ತಾರೆ ಅಂದರು ಭಾವ. ಯಾರು ಅಂದೆ. ನನಗೆ ಗೊತ್ತಿಲ್ಲ, ನಾನ್ಯಾರು ಅಂತ ಅವರಿಗೂ ಗೊತ್ತಿಲ್ಲ ಅಂದರು. ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನಿಮ್ಮ ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನಿನ್ನ ಪ್ರಶ್ನೆಯನ್ನು ಅಲ್ಲೇ ಕೇಳಿದೆ.

ಸುಟ್ಟದ್ದು ನಿನ್ನ ಕೋಟೇ. ತೋಳಿಗೆ ತೇಪೆ ಹಾಕಿದ್ದೇನೆ, ಬೈಯಬೇಡ. ಮಗಳಿಗೆ ಮುತ್ತು.

ನಿನ್ನ ತಲೆಹರಟೆ ತಂಗಿ

ಮರೆತ ಮಾತು: ಭಾವ ಒಪ್ಪಿದರು. ಒಂದು ಮಾತೂ ಎದುರಾಡದೆ, ಚಳಿ ಕಳೆದ ಮೇಲೆ ಬರುತ್ತೇನೆ ಅಂತ ಹೇಳು ಅಂದು ಗಾಜು ಒರೆಸಲು ಹೋದರು. ಮರೆತೆ ಅಂದದ್ದು ಸುಳ್ಳು. ಇದನ್ನು ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದುತ್ತಿರಲಿಲ್ಲ. ನೀರು ಕಂಡರೆ ಹೆದರುತ್ತೀಯ, ಗೊತ್ತು. ಕಣ್ಣು ಮುಚ್ಚಿಕೊಂಡಾದರೂ ದೋಣಿ ಹತ್ತಿ ಒಂದು ಸಂಜೆಗೆ ಬಾ. ಆ ಬೆಳಕನ್ನೂ ಭಾವನ ಆ ಮುಖವನ್ನೂ ನೋಡಿದ ಮೇಲೂ ಅವರನ್ನು ಕರೆಯಲು ಬಾಯಿ ಬಂದರೆ, ನೀನೇ ಕರೆದುಕೊಂಡು ಹೋಗು.