ಜೂನ್ ಒಂದು

ಹುನಗುಂದ
ಬುಧವಾರ, 9 ಫೆಬ್ರುವರಿ 1983

ಜೋಹರಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಅದರಲ್ಲಿ ಕ್ಷೇಮಸಮಾಚಾರ ಇರಲಿಲ್ಲ. ನಾನೂ ಕೇಳುವುದಿಲ್ಲ. ಬಾಗಲಕೋಟೆಯ ಬಸ್ಸು ಹತ್ತಿ, ವಿದ್ಯಾಗಿರಿಯ ನಿನ್ನ ಮನೆಯಲ್ಲಿ ಕೂತು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ನಾನು ಬೇರೆ ಏನನ್ನೋ ಹೇಳುತ್ತೇನೆ. ಟ್ರೇನಿಂಗ್ ಕಾಲೇಜಿನ ದಿನಗಳಿಂದ ನಿನಗೆ ಇದು ಗೊತ್ತು.

ನೀನು ಕೇಳಿರುವುದು ಒಂದೇ. ಈರ್ಯಾನ ನಿಜವಾದ ವಯಸ್ಸನ್ನು ನಾನು ಬರೆದು, ಸಹಿ ಮಾಡಿ ಕೊಡಬೇಕು. ಬರುವ ಸೋಮವಾರ ಮ್ಯಾಜಿಸ್ಟ್ರೇಟರು ತೀರ್ಮಾನ ಕೊಡುತ್ತಾರೆ. ಕಳುವಿನ ದಿನ ಅವನಿಗೆ ಹದಿನಾರು ತುಂಬಿರಲಿಲ್ಲ ಎಂದಾದರೆ ಮಕ್ಕಳನ್ನು ಇಡುವ ಮನೆಗೆ ಕಳಿಸುತ್ತಾರೆ, ತುಂಬಿತ್ತು ಎಂದಾದರೆ ದೊಡ್ಡವರ ಜೈಲಿಗೆ. ಹರಣಶಿಕಾರಿ ಓಣಿಯ ಮಕ್ಕಳಿಗಾಗಿ ನೀನು ಹತ್ತು ವರ್ಷದಿಂದ ಕಚೇರಿ ಕಚೇರಿ ಅಲೆಯುತ್ತಿದ್ದೀ. ಈಗ ಎಲ್ಲವೂ ನನ್ನ ಒಂದು ಸಹಿಯ ಹತ್ತಿರ ಬಂದು ನಿಂತಿದೆ ಎಂದು ಬರೆದಿದ್ದೀ.

ಆ ತಾರೀಖು ಹುಟ್ಟಿದ ಬಗೆಯನ್ನು ಮೊದಲು ಹೇಳುತ್ತೇನೆ.

ಎಪ್ಪತ್ತೆರಡರ ಜೂನ್. ಹರಣಶಿಕಾರಿ ಓಣಿಯ ಹುಚ್ಚವ್ವ ಮಗಳು ಬೋರವ್ವನನ್ನು ಶಾಲೆಗೆ ಕರೆತಂದಿದ್ದಳು. ಬೋರವ್ವನ ಸೊಂಟದ ಮೇಲೆ ತಮ್ಮ ಈರ್ಯಾ ಇದ್ದ. ಹುಚ್ಚವ್ವ ಗಂಡನ ಜೊತೆ ಕೌಜುಗ ಹಕ್ಕಿಯ ಬಲೆ ಹೊತ್ತು ಅಡವಿ ತಿರುಗುವವಳು.

“ಹುಡಿಗಿ ಸಾಲ್ಯಾಗ ಕುಂತ್ರ ಕೂಸಿನ್ನ ಯಾರ ಹಿಡೀಬೇಕ್ರಿ ಅಕ್ಕೋರ? ಇಟಗೊಂಡ್ರ ಎರಡೂ ಇಟಗೋರಿ, ಇಲ್ಲಾಂದ್ರ ಎರಡೂ ಬಿಡ್ರಿ” ಎಂದಳು, ಸಂತೆಯಲ್ಲಿ ಜೋಡಿ ಕೋಳಿ ಮಾರುವವಳ ಹಾಗೆ. ಕೂಸಿಗೆ ಎಷ್ಟು ವರ್ಷ ಎಂದು ಕೇಳಿದೆ. “ಭೂಮಿ ನಡಗಿದ ವರ್ಷ ಹಡದೇನ್ರಿ. ಗುಡಸಲಾ ಅಳ್ಳಾಡಿದ್ದಕ್ಕ ಬ್ಯಾನಿ ಸುರು ಆತು.”

ಕೊಯ್ನಾದ ಭೂಕಂಪ ನಮಗೂ ತಿಳಿದಿತ್ತಲ್ಲ, ಅರವತ್ತೇಳರ ಡಿಸೆಂಬರ್. ಅಂದರೆ ಕೂಸಿಗೆ ನಾಲ್ಕೂವರೆ. ಶಾಲೆಗೆ ಹೆಸರು ಹಚ್ಚಲು ಆರು ತುಂಬಿರಬೇಕಿತ್ತು. ರಿಜಿಸ್ಟರಿನಲ್ಲಿ ‘ಈರಪ್ಪ, ಜನನ 1-6-1966’ ಎಂದು ಬರೆದೆ. ಶಾಲೆ ಸುರುವಾಗುವ ದಿನಕ್ಕೆ ಸರಿಯಾಗಿ ಆರು. ನೀನೂ ನಿನ್ನ ಶಾಲೆಯಲ್ಲಿ ಹಾಗೆಯೇ ಬರೆದವಳು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳೆಲ್ಲ ಈ ಸೀಮೆಯಲ್ಲಿ ಜೂನ್ ಒಂದಕ್ಕೇ ಹುಟ್ಟುತ್ತಾರೆ.

ಬೋರವ್ವನ ಓದು ನಿಲ್ಲಬಾರದೆಂದು ಹಾಗೆ ಮಾಡಿದೆ ಎಂದು ನಿನಗೆ ಹಿಂದೆ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಆ ವರ್ಷ ನಲವತ್ತು ಮಕ್ಕಳಾಗದಿದ್ದರೆ ಶಾಲೆಯ ಎರಡನೇ ಶಿಕ್ಷಕಿಯನ್ನು ದೂರದ ಹಳ್ಳಿಗೆ ಹಾಕುವವರಿದ್ದರು. ಎರಡನೇ ಶಿಕ್ಷಕಿ ನಾನು. ಈರ್ಯಾ ನಲವತ್ತನೆಯವನು. ಇದನ್ನು ನಿನಗೆ ಹೇಳಿರಲಿಲ್ಲ.

ತನಗಿಂತ ದೊಡ್ಡ ಮಕ್ಕಳ ನಡುವೆ ಅವನಿಗೆ ಬಳಪ ಹಿಡಿಯಲೂ ಬರುತ್ತಿರಲಿಲ್ಲ. ಮಧ್ಯಾಹ್ನ ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟು ತಿಂದು ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಮಲಗುತ್ತಿದ್ದ. ವರ್ಷ ಕಳೆದಂತೆ ನನ್ನ ಸುಳ್ಳನ್ನು ನಾನೇ ಮರೆತೆ. ಅವನನ್ನು ದಡ್ಡ ಎಂದು ಕರೆದೆ, ಹೊಡೆದೆ. ಎರಡು ಸಲ ಅದೇ ಇಯತ್ತೆಯಲ್ಲಿ ಕೂರಿಸಿದೆ. ಐದನೆಯದಕ್ಕೆ ಅವನು ಶಾಲೆ ಬಿಟ್ಟು ಇಳಕಲ್ಲಿಗೆ, ಮಲೀಕಸಾಬರ ಹತ್ತಿರ ನೂಲಿಗೆ ಬಣ್ಣ ಹಾಕುವ ಕೆಲಸಕ್ಕೆ ಹೋದ.

ಮುಂದಿನದು ನಿನಗೆ ಗೊತ್ತು. ಕಳೆದ ಆಗಸ್ಟಿನಲ್ಲಿ ಪೇಟೆಯ ಅಂಗಡಿಯೊಂದರಿಂದ ಕೆಂಪು ರೇಷ್ಮೆ ನೂಲು ಕಳುವಾಯಿತು. ಎಲ್ಲಿ ಏನು ಹೋದರೂ ಪೊಲೀಸರು ಮೊದಲು ಬರುವುದು ಆ ಓಣಿಗೆ. ಈರ್ಯಾನ ಕೈ ಬಣ್ಣದ ಕೆಲಸದಿಂದ ಕೆಂಪಾಗಿದ್ದುದೇ ಸಾಕ್ಷಿಯಾಯಿತು. “ನನ್ನ ಕೈನೂ ಕೆಂಪ ಅದಾವಲ್ರಿ, ನನ್ನೂ ಒಯ್ರಿ ಹಂಗಾರ” ಎಂದು ಮಲೀಕಸಾಬರು ಠಾಣೆಯ ಮುಂದೆ ನಿಂತರಂತೆ. ಅವರನ್ನು ಒಯ್ಯಲಿಲ್ಲ.

ಇನ್ನು ನವೆಂಬರಿನ ಆ ದಿನ. ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಾಕ್ಷಿ ಹೇಳಲು ಬಂದೆ. ಅದರ ಪ್ರಕಾರ ಕಳುವಿನ ದಿನ ಈರ್ಯಾನಿಗೆ ಹದಿನಾರು ವರ್ಷ, ಮೇಲೆ ಎರಡು ತಿಂಗಳು. ನೀನು ಹಿಡಿದ ವಕೀಲರು ಪುಟ ತಿರುವುತ್ತ ಕೇಳಿದರು: “ಏನ್ರಿ ಅಕ್ಕೋರ, ನಿಮ್ಮ ಸಾಲ್ಯಾಗ ಎಲ್ಲಾರೂ ಜೂನ್ ಒಂದಕ್ಕ ಹುಟ್ಯಾರಲ್ಲ. ಉಳದ ದಿನಾ ಸೂಲಗಿತ್ತಿಗೆ ಸೂಟಿ ಇತ್ತೇನು?”

ಕೋರ್ಟು ನಕ್ಕಿತು. ಪೊಲೀಸರು ನಕ್ಕರು. ಹಿಂದೆ ಕೂತಿದ್ದ ಹುಚ್ಚವ್ವ, ಏನೆಂದು ತಿಳಿಯದೆ, ತಾನೂ ನಕ್ಕಳು. ತಾರೀಖು ಅಂದಾಜಿನದೆಂದು ಒಪ್ಪಿಕೊಳ್ಳಲು ವಕೀಲರು ನನಗೆ ಬಾಗಿಲು ತೆರೆದು ಹಿಡಿದಿದ್ದರು. ನಾನು ಹೊರಗೆ ಬರಬೇಕಿತ್ತು, ಅಷ್ಟೇ. ಆದರೆ ಆ ನಗೆ ನನ್ನ ಇಪ್ಪತ್ತು ವರ್ಷದ ಕೆಲಸದ ಮೇಲೆ ಬಿದ್ದಂತಾಯಿತು. “ರಿಜಿಸ್ಟರ್ ನಾನ ಬರದೇನಿ. ಅದರಾಗ ಏನೈತಿ ಅದ ಖರೆ” ಎಂದೆ. ನನ್ನ ದನಿ ಗಟ್ಟಿಯಾಗಿತ್ತು. ನೀನು ನನ್ನನ್ನು ನೋಡಿದೆ. ಆಮೇಲೆ ನಿನ್ನಿಂದ ಮೂರು ತಿಂಗಳು ಕಾಗದವಿಲ್ಲ.

ತೀರ್ಮಾನವಾಗುವ ಮೊದಲೇ ಅವನನ್ನು ದೊಡ್ಡವರ ಜೊತೆಯಲ್ಲಿ ಇಟ್ಟಿದ್ದಾರೆಂದೂ, ಎಡಗಿವಿ ಕೇಳಿಸುವುದಿಲ್ಲವೆಂದೂ, ಹೊಡೆದವರು ಯಾರೆಂದು ಬೋರವ್ವ ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾನೆಂದೂ ಬರೆದಿದ್ದೀ. ಆ ಸಾಲುಗಳನ್ನು ನಾನು ಒಂದೇ ಸಲ ಓದಿದ್ದೇನೆ.

ನನ್ನ ಭಯವೇನೆಂದು ನೀನು ಕೇಳಿಲ್ಲ. ಒಂದು ತಾರೀಖು ಸುಳ್ಳೆಂದರೆ ಇಡೀ ಪುಸ್ತಕ ತೆರೆಯುತ್ತದೆ. ಹಾಗೆ ಬರೆದ ಹೆಸರು ಅದರಲ್ಲಿ ಒಂದೆರಡಲ್ಲ. ಮೇ ತಿಂಗಳಲ್ಲಿ ನನ್ನನ್ನು ಮುಖ್ಯೋಪಾಧ್ಯಾಯಿನಿ ಮಾಡುವವರಿದ್ದಾರೆ. ಇದನ್ನು ಬರೆದ ಮೇಲೆ ನೋಡಿದರೆ ಬಹಳ ಸಣ್ಣದಾಗಿ ಕಾಣುತ್ತದೆ. ಬರೆಯುವ ಮೊದಲು ಕಾಣುತ್ತಿರಲಿಲ್ಲ.

ಬೇರೆ ಹಾಳೆಯಲ್ಲಿ ಹೀಗೆ ಬರೆದು ಇಟ್ಟಿದ್ದೇನೆ: ಈರಪ್ಪನ ಜನ್ಮ ತಾರೀಖನ್ನು ನಾನು ತಿಳಿದೂ ತಿಳಿದೂ ತಪ್ಪಾಗಿ ಬರೆದಿದ್ದೇನೆ, ಅವನು ಹುಟ್ಟಿದ್ದು 1967ರ ಡಿಸೆಂಬರಿನಲ್ಲಿ, ಕಳುವಿನ ದಿನ ಅವನಿಗೆ ಹದಿನೈದೂ ತುಂಬಿರಲಿಲ್ಲ, ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು. ಕೆಳಗೆ ಸಹಿ ಇದೆ. ನಾಳೆ ಅಂಚೆಗೆ ಹಾಕಿದರೆ ಶನಿವಾರದೊಳಗೆ ನಿನ್ನ ಕೈಯಲ್ಲಿರುತ್ತದೆ.

ನೀನು ನನ್ನನ್ನು ಮತ್ತೆ ಮೊದಲಿನಂತೆ ಕಾಣಬೇಕೆಂದು ಕೇಳುತ್ತಿಲ್ಲ.

ನಿನ್ನ ಗೆಳತಿ ಎಂದು ಇನ್ನೂ ಬರೆಯಬಹುದಾದರೆ,
ಸಾವಿತ್ರೆವ್ವ

ತಾ.ಕ.: ಇಂದು ಹತ್ತೊಂಬತ್ತನೇ ತಾರೀಖು, ಶನಿವಾರ. ಮೇಲಿನದನ್ನು ಬರೆದ ಮರುದಿನ, ಗುರುವಾರ, ಅಂಚೆಪೆಟ್ಟಿಗೆಯ ತನಕ ಹೋಗಿ ತಿರುಗಿ ಬಂದೆ. ಶುಕ್ರವಾರ ಮನೆಯಿಂದ ಹೊರಡಲೇ ಇಲ್ಲ. ಸೋಮವಾರ ಹನ್ನೊಂದು ಗಂಟೆಗೆ, ಕೋರ್ಟು ಕೂರುವ ಹೊತ್ತಿಗೆ, ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ.

ಇಂದು ಬೆಳಿಗ್ಗೆ ಬೋರವ್ವ ಬಂದಿದ್ದಳು. ರಿಜಿಸ್ಟರಿನ ತಾರೀಖನ್ನೇ ಹಿಡಿದರೆಂದೂ, ಈರ್ಯಾನನ್ನು ದೊಡ್ಡವರ ಜೈಲಿಗೆ ಒಯ್ದರೆಂದೂ ಹೇಳಿದಳು. ಆಮೇಲೆ, “ನೀವು ಬರದ ಕಾಗದಾ ಟಪಾಲಿನ್ಯಾಗ ಕಳದಿರಬೇಕು ಅಂದ್ರು ಜೋಹರಾಬಾಯಾರು. ಖರೆ ಏನ್ರಿ?” ಎಂದು ಕೇಳಿದಳು.

ಹೌದು ಎಂದೆ.

“ಇರ್ಲಿ ಬಿಡ್ರಿ ಅಕ್ಕೋರ” ಎಂದು ಅವಳೇ ನನಗೆ ಸಮಾಧಾನ ಹೇಳಿದಳು. “ನೀವಂತೂ ಬರದ್ರಲ್ಲ.”