ಹೊತ್ತವಳು, ಹೆತ್ತವಳು

ಗುಬ್ಬಿ
೯ ಆಗಸ್ಟ್ ೧೯೮೨

ನನ್ನ ಪ್ರೀತಿಯ ‘ರೀ’ ಅವರಿಗೆ,

ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ, ಕೈ ಬರಲಿಲ್ಲ. ಮದುವೆಯಾಗಿ ವರ್ಷ ತುಂಬಿಲ್ಲ, ಆಗಲೇ ನಿಮ್ಮಮ್ಮನ ಹಾಗಾಗಿಬಿಟ್ಟೆ ನೋಡಿ! ಹೇಗಿದ್ದೀರಿ? ಮದರಾಸಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಬ್ಯಾಂಕಿನವರ ಟ್ರೈನಿಂಗ್ ಎಷ್ಟೇ ಇರಲಿ, ಮೆಸ್ಸಿನಲ್ಲಿ ಮಧ್ಯಾಹ್ನದ ಮಜ್ಜಿಗೆ ಬಿಡಬೇಡಿ, ನನ್ನಾಣೆ. ಇಲ್ಲಿ ಅತ್ತೆ, ಮಾವ, ನಿಮ್ಮ ತಂಗಿ ಸರ್ವಮಂಗಳ ಎಲ್ಲರೂ ಕ್ಷೇಮ. ನಾನೂ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ.

ನಿಮ್ಮ ಕಾಗದ ಬಂತು. ಮಗು ಉಳಿಯಲಿಲ್ಲವೆಂದು ನಾನೇ ನಿಮಗೆ ತಿಳಿಸಬೇಕಿತ್ತು. ಆದರೆ ಮಾವ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಹಾಕಿದರು. ಲೈನಿನಲ್ಲಿ ಏನೂ ಕೇಳಿಸದೆ, “ಗಂಗಾಗೆ ಐದು ತಿಂಗಳದ್ದು ಹೋಯ್ತು ಕಣೋ! ಹೋಯ್ತು! ಹೋಯ್ತು!” ಎಂದು ಅವರು ಕಿರುಚಿದ್ದು ಸಂತೆಬೀದಿಯವರೆಗೂ ಕೇಳಿಸಿತಂತೆ. ನಿಮಗಿಂತ ಮೊದಲು ಗುಬ್ಬಿಗೆಲ್ಲ ಗೊತ್ತಾಯಿತು. ಪಕ್ಕದ ಮನೆ ತಿಪ್ಪಮ್ಮ ಬಂದು, “ಬಿಂದಿಗೆ ಹೊತ್ತಿದ್ಕೇ ಹಿಂಗಾಗಿದ್ದು, ಬುಡು” ಎಂದು ತೀರ್ಪು ಕೊಟ್ಟು ಕಾಫಿ ಕುಡಿದು ಹೋದರು. ಬಿಂದಿಗೆಗೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರಮ್ಮ. ಆದರೂ ಈಗ ಖಾಲಿ ಬಿಂದಿಗೆ ಕಂಡರೂ ಮುಖ ತಿರುಗಿಸುತ್ತೇನೆ.

ನೀವು ಎರಡು ಪುಟ ಕನ್ನಡದಲ್ಲಿ ಬರೆದು, ಕೊನೆಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದೀರಿ: ಬೇರ್ ಇಟ್ ಬ್ರೇವ್ಲಿ. ಅಳು ಬಂದಾಗ ನೀವು ಇಂಗ್ಲಿಷಿಗೆ ಓಡುತ್ತೀರಿ, ನನಗೆ ಗೊತ್ತು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಕಾನ್ವೆಂಟಿನಲ್ಲಿ ಒಮ್ಮೆ ‘ಐ ಕೆನಾಟ್ ಬೇರ್ ಇಟ್’ ಎಂಬುದನ್ನು ‘ನಾನು ಅದಕ್ಕೆ ಕರಡಿಯಾಗಲಾರೆ’ ಎಂದು ಅನುವಾದಿಸಿ ಇಡೀ ಕ್ಲಾಸನ್ನು ನಗಿಸಿದ್ದೆ. ಈ ಸಲ ಮದುವೆಗೆ ಅಪ್ಪ ಕೊಟ್ಟ ದಪ್ಪ ನಿಘಂಟನ್ನೇ ತೆಗೆದೆ. ಕರಡಿಗೂ ಇದಕ್ಕೂ ನಂಟಿಲ್ಲವಂತೆ, ಪಾಪ! ಬೇರ್ ಎಂದರೆ ಮೊದಲು ಹೊರುವುದು, ಆಮೇಲೆ ಸಹಿಸುವುದು, ಹೆರುವುದು ಕೂಡ ಅದೇ. ಗಿಡ ಕಾಯಿ ಬಿಟ್ಟರೂ ಅದೇ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹುಟ್ಟು ಬರೆದಿದ್ದಾರೆ: ಸಂಸ್ಕೃತದ ‘ಭರ್’ಗೆ ದಾಯಾದಿಯಂತೆ. ನಮ್ಮ ಭಾರ, ಭರಿಸು ಎಲ್ಲ ಒಂದೇ ಬಳ್ಳಿಯವು. ರೀ, ಭರ್ತಾ ಎಂಬುದೂ ಅದೇ! ಹೊರುವವನು. ನನಗೆ ಒಬ್ಬಳಿಗೇ ನಗು ಬಂತು, ಮದರಾಸಿನಲ್ಲಿ ಕೂತಿರುವ ಹೊರುವವರನ್ನು ನೆನೆದು. ಆಮೇಲೆ ಅಳು ಬಂತು.

ಸರ್ವಮಂಗಳಳಿಗೂ ಕಲಿಸೋಣವೆಂದು ಬೇರ್, ಬೋರ್, ಬಾರ್ನ್ ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ಅಡುಗೆಮನೆಯಿಂದ ಅತ್ತೆ, “ಬೋರ್ ಸುದ್ದಿ ಎತ್ಬೇಡ್ರೇ! ಹಿತ್ಲಲ್ಲಿ ಇನ್ನೂರಡಿ ಕೊರುದ್ರೂ ಬರೀ ಧೂಳು” ಎಂದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಕೇಳಿದಳು, “ಅತ್ತಿಗೆ, ಬಾರ್ನ್‌ಗೆ ಕೊನೇಲಿ ‘ಇ’ ಐತೋ ಇಲ್ವೋ?” ಎರಡೂ ಉಂಟು ಎಂದೆ. ‘ಇ’ ಇಲ್ಲದಿದ್ದರೆ ಹುಟ್ಟಿದ್ದು, ‘ಇ’ ಇದ್ದರೆ ಹೊತ್ತಿದ್ದು. ನಮ್ಮಲ್ಲೂ ಅಷ್ಟೇ ಅಲ್ಲವೇ? ಹೊತ್ತವಳು, ಹೆತ್ತವಳು. ಒಂದು ಸ್ವರ ಬದಲಾದರೆ ಆಯಿತು. ಆ ಒಂದು ಸ್ವರಕ್ಕೇ ಈಗ ಮನೆಯಲ್ಲಿ ಇಷ್ಟೆಲ್ಲ.

ಭಾನುವಾರ ನಮ್ಮಮ್ಮ ತುಮಕೂರಿನಿಂದ ಬೆಳ್ಳುಳ್ಳಿ, ಮೆಣಸು, ಕೊಬ್ಬರಿ ಕಟ್ಟಿಕೊಂಡು ಬಂದಿದ್ದಳು, ನನ್ನನ್ನು ಬಾಣಂತನಕ್ಕೆ ಕರೆದೊಯ್ಯಲು. ಅತ್ತೆ ಒಪ್ಪಲಿಲ್ಲ. “ಬಾಣಂತನ ಹೆತ್ತೋರ್ಗೆ ಕಣಮ್ಮ. ಕೂಸಿಲ್ದೆ ಎಂಥ ಬಾಣಂತಿ? ಆಡ್ಕೊಂಡು ನಗ್ತಾರೆ. ರೆಸ್ಟ್ ತಾನೇ, ಇಲ್ಲೇ ಮಲಗ್ಲಿ” ಎಂದರು. ಮಾವ ಪೇಪರಿನಿಂದ ತಲೆ ಎತ್ತದೆ, “ಅವ್ನು ಕಾಗ್ದ ಬರುದ್ರೆ ನೋಡೋಣ” ಎಂದರು. ಅಮ್ಮ ಗಂಟನ್ನು ಇಲ್ಲೇ ಇಟ್ಟು ಬಸ್ಸು ಹತ್ತಿದಳು. ಅದು ಇನ್ನೂ ಬಿಚ್ಚದೆ ಮೂಲೆಯಲ್ಲಿದೆ. ಅತ್ತೆಯನ್ನು ಬೈಯಬೇಡಿ. ಮೊನ್ನೆ ಎದೆ ಬಿಗಿದು ರವಿಕೆಯೆಲ್ಲ ಒದ್ದೆಯಾಗಿತ್ತು. ಮಗು ಇಲ್ಲವೆಂದು ಮೈಗೆ ಯಾರೂ ಹೇಳಿರಲಿಲ್ಲ. ಅತ್ತೆ ನೋಡಿದವರೇ ಮೊಳ ಮಲ್ಲಿಗೆ ತಂದು, ಎದೆಗಿಟ್ಟು ಹಳೆ ಸೀರೆಯಲ್ಲಿ ಬಿಗಿದು ಕಟ್ಟಿದರು. ಹಾಲು ಇಂಗಲಿ ಎಂದು. ನೀವು ಶನಿವಾರ ಶನಿವಾರ ತರುತ್ತಿದ್ದಿರಲ್ಲ, ಅದೇ ಮಲ್ಲಿಗೆ. ಇಷ್ಟೆಲ್ಲ ಮಾಡಿದರೂ ಅವರ ಬಾಯಲ್ಲಿ ಬಾಣಂತಿ ಎಂಬ ಮಾತು ಬರಲಿಲ್ಲ.

ಸಾಕು, ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಮುಗಿಯಿತು. ನಿಮ್ಮ ರೂಮ್‌ಮೇಟಿಗೆ ನನ್ನ ಶರಣು. ತಲೆಗೆ ಎಣ್ಣೆ ಹಾಕಿಕೊಳ್ಳಿ. ನಾನು ಅಳುತ್ತಾ ಕೂತಿಲ್ಲ, ಈಗಷ್ಟೇ ಎರಡು ಸಲ ನಕ್ಕಿದ್ದೇನೆ, ಮೇಲೆ ಓದಿದಿರಲ್ಲ.

ನಿಮ್ಮವಳೇ ಆದ
ಗಂಗಾಂಬಿಕೆ

ಮರೆತಿದ್ದೆ, ಅಂಟು ಹಚ್ಚುವ ಮಡಿಕೆಯ ಮೇಲೆ ಬರೆಯುತ್ತಿದ್ದೇನೆ. ಇವತ್ತೇ ಮಾವನವರಿಗೆ ಬರೆಯಿರಿ, ಗಂಗಾಳನ್ನು ತುಮಕೂರಿಗೆ ಕಳಿಸಿ ಎಂದು. ರೆಸ್ಟಿಗೆ ಎಂದು ಬರೆಯಬೇಡಿ, ಬಾಣಂತನಕ್ಕೆ ಎಂದೇ ಬರೆಯಿರಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಲಕೋಟೆ ಬೇಡ, ಕಾರ್ಡು ಹಾಕಿ. ಹೋಯ್ತು ಎಂಬುದನ್ನು ಊರೆಲ್ಲ ಕೇಳಿದೆ. ಪೋಸ್ಟ್‌ಮ್ಯಾನ್ ಪುಟ್ಟರಂಗಯ್ಯ ಇದನ್ನೂ ದಾರಿಯುದ್ದಕ್ಕೂ ಓದಿಕೊಂಡು ಬರಲಿ.