ಮೂರನೇ ವಾರದ ತಲೆ

ತಾರೀಖು ಹದಿನೇಳು, ಮಂಗಳವಾರ
ನರ್ಸರಿಯ ಹಿಂದಿನ ಕೋಣೆ, ಮಧ್ಯಾಹ್ನ

ಮುದ್ದು ಬಟಾಣಿಗೆ,

ಅಪ್ಪನಿಂದ ನೂರು ಮುತ್ತು, ಅಮ್ಮನಿಂದ ನೂರು ಬೈಗುಳ. ಬೈಗುಳ ನನಗೆ, ನಿನಗಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ನನ್ನ ತಲೆ ಒಂದೇ, ಅದರ ಸುದ್ದಿ ಬರೆಯಲೆಂದೇ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ತಡವಾಗಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮಿಸು. ಶನಿವಾರ ಫೋನಿನಲ್ಲಿ ಸುಳ್ಳು ಹೇಳಿದ್ದಕ್ಕೂ ಕ್ಷಮಿಸು. ದೊಡ್ಡ ಆರ್ಡರ್ ಬಂದಿದೆ, ಎರಡು ಸಾವಿರ ಸಸಿ ಕಳಿಸಬೇಕು, ನಿನ್ನ ಪದವಿ ಸಮಾರಂಭಕ್ಕೆ ಅಮ್ಮ ಒಬ್ಬಳೇ ಬರುತ್ತಾಳೆ ಎಂದೆನಲ್ಲ, ಅಂಥ ಆರ್ಡರೂ ಇಲ್ಲ, ಮಣ್ಣೂ ಇಲ್ಲ. ನೀನು, "ಮನೆಯೋರಿಗೆ ಅಂತ ಎರಡು ಕುರ್ಚಿ ಕೊಟ್ಟಿದಾರಪ್ಪ. ಒಂದು ಖಾಲಿ ಇದ್ರೂ ಸರಿ, ಬೇರೆ ಯಾರಿಗೂ ಕೊಡಲ್ಲ" ಎಂದು ಫೋನ್ ಇಟ್ಟುಬಿಟ್ಟೆ. ಮೂರು ದಿನದಿಂದ ನೀನು ಮಾತಾಡಿಲ್ಲ. ಅಮ್ಮನೂ ನನ್ನ ಜೊತೆ ಬೇಕಾದಷ್ಟೇ ಮಾತು. ಆ ಖಾಲಿ ಕುರ್ಚಿಯಂತೂ ನಾನು ಕುಂಡಕ್ಕೆ ಮಣ್ಣು ತುಂಬುವಾಗಲೂ ಎದುರಿಗೇ ಬಂದು ಕೂರುತ್ತದೆ.

ಫೋನಿನ ಸ್ಟ್ಯಾಂಡ್ ಮುರಿದಿದೆ ಎಂದದ್ದೂ ಸುಳ್ಳು. ಮೂರು ವಾರದಿಂದ ನಮ್ಮ ಮನೆಯ ಫ್ಯಾನನ್ನೇ ನೋಡಿ ನೋಡಿ ನಿನಗೆ ಸಾಕಾಗಿರಬೇಕು. ಫೋನನ್ನು ಹಾಗೆ ಮೇಲಕ್ಕೆ ತಿರುಗಿಸಿಡುತ್ತಿದ್ದವಳು ನಿನ್ನಮ್ಮ. ಅವಳಿಗೆ ನಾನೇ ಆಣೆ ಹಾಕಿಸಿದ್ದೆ.

ವಿಷಯ ಇಷ್ಟು. ನಾನು ತಲೆಗೆ ಕೂದಲು ನಾಟಿ ಮಾಡಿಸಿಕೊಂಡಿದ್ದೇನೆ. ಇವತ್ತಿಗೆ ಇಪ್ಪತ್ತಮೂರು ದಿನ. ನಗಬೇಕೆನಿಸಿದರೆ ಈಗಲೇ ನಕ್ಕುಬಿಡು, ಆಮೇಲೆ ಮುಂದೆ ಓದು.

ಅರವತ್ತಮೂರನೇ ವಯಸ್ಸಿಗೆ ಇದೆಂಥ ಹುಚ್ಚು ಎಂದು ನೀನು ಕೇಳುವ ಮೊದಲೇ ಅಮ್ಮ ಕೇಳಿಯಾಗಿದೆ. ದಿನವಿಡೀ ಸಸಿಗಳ ನಡುವೆ ನಿಂತು ನೆತ್ತಿ ಸುಡುತ್ತದೆ ಎಂದೆ. "ಅದಕ್ಕೆ ಟೋಪಿ ಅಂತ ಒಂದು ಸಾಮಾನು ಇದೆ ಕಣ್ರೀ" ಎಂದಳು. ಮಗಳು ಪಶುವೈದ್ಯಳಾಗುತ್ತಾಳೆ, ಫೋಟೋದಲ್ಲಿ ಅಪ್ಪ ಸ್ವಲ್ಪ ಲಕ್ಷಣವಾಗಿ ಇರಬೇಡವೇ ಎಂದೆ. ಅಷ್ಟು ಕೇಳಿ ಅವಳು ಆಸ್ಪತ್ರೆಗೆ ಜೊತೆಗೆ ಬಂದಳು.

ಕೆಲಸ ನಮ್ಮ ಕೆಲಸದ ಹಾಗೆಯೇ ಇದೆ ಮಗಳೇ. ತಲೆಯ ಹಿಂಭಾಗದಲ್ಲಿ ಒತ್ತಾಗಿರುವ ಕೂದಲನ್ನು ಒಂದೊಂದಾಗಿ ಬೇರುಸಮೇತ ತೆಗೆಯುತ್ತಾರೆ, ಮುಂದೆ ಖಾಲಿ ಇರುವ ಕಡೆ ಸೂಜಿಯಷ್ಟು ಸಣ್ಣ ತೂತು ಮಾಡಿ ನೆಡುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಡುವಾಗ ನೋವಾಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಮಕಾಡೆ ಮಲಗಿದವನು, ಮಧ್ಯಾಹ್ನದ ಮೇಲೆ ಅಂಗಾತ. ಸುಮ್ಮನಿರಲಾರದೆ ಡಾಕ್ಟರಿಗೆ, "ಸಾಲಾಗಿ ನೆಡಬೇಡಿ, ಒಂದು ಬಿಟ್ಟು ಒಂದು ನೆಟ್ಟರೆ ತುಂಬಿದ ಹಾಗೆ ಕಾಣುತ್ತೆ" ಎಂದು ಹೇಳಿಕೊಟ್ಟೆ. "ನೀವು ಸ್ವಲ್ಪ ಮಾತು ನಿಲ್ಲಿಸಿದ್ರೆ ತಲೆ ಅಲ್ಲಾಡೋದು ನಿಲ್ಲುತ್ತೆ, ನಾನು ನೆಡಬಹುದು" ಎಂದರು. ಪಕ್ಕದಲ್ಲಿದ್ದ ನರ್ಸಮ್ಮ ನಕ್ಕದ್ದು ಕೇಳಿಸಿತು.

ಮೊದಲ ವಾರದ ಕಷ್ಟ ಹೇಳುವುದೇ ಬೇಡ. ಬಗ್ಗಬಾರದು, ಭಾರ ಎತ್ತಬಾರದು, ಬಿಸಿಲಿಗೆ ಹೋಗಬಾರದು, ಬೆವರಬಾರದು. ನರ್ಸರಿಯವನಿಗೆ ಇಷ್ಟು ಬೇಡ ಎಂದರೆ ಇನ್ನೇನು ಉಳಿಯಿತು? ಪೂರ್ತಿ ಮಲಗುವ ಹಾಗೂ ಇಲ್ಲ. ಒರಗುವ ಕುರ್ಚಿಯಲ್ಲಿ ಕತ್ತಿಗೆ ದಿಂಬು ಕೊಟ್ಟುಕೊಂಡು, ಬಸ್ಸಿನಲ್ಲಿ ತೂಕಡಿಸುವವನ ಹಾಗೆ ಏಳು ರಾತ್ರಿ ಕಳೆದೆ. ತಲೆಯ ಮೇಲೆ ಕೈಹೊತ್ತು ಕೂರೋಣ ಎಂದರೆ ಅದಕ್ಕೂ ಅಪ್ಪಣೆಯಿಲ್ಲ.

ಮೂರನೇ ದಿನ ಹಣೆ ಊದಿಕೊಂಡಿತು, ಆ ಬಾವು ಹಾಗೇ ಕಣ್ಣಿಗೆ ಇಳಿಯಿತು. ಡಾಕ್ಟರು ಮೊದಲೇ ಹೇಳಿದ್ದರು, ಆದರೂ ಕನ್ನಡಿ ನೋಡಿ ಅಮ್ಮನನ್ನು ಕೂಗಿ ಕರೆದೆ. ಗಿಡಗಳಿಗೆ ನೀರು ಹಾಕುತ್ತಾಳಲ್ಲ ನಮ್ಮ ನೀರಿನಕ್ಕ, ಕಿಟಕಿಯಲ್ಲಿ ನನ್ನ ಮುಖ ನೋಡಿ ಪೈಪನ್ನೇ ಬಿಟ್ಟುಬಿಟ್ಟಳು. "ಅಣ್ಣಾ, ಜೇನು ಕಚ್ಚಿತಾ?" ಎಂದಳು. ಹೂಂ ಎಂದೆ, ಬೇರೇನು ಹೇಳಲಿ. ಪಾಪ, ಎರಡು ದಿನ ಕೋಲು ಹಿಡಿದು ನರ್ಸರಿಯನ್ನೆಲ್ಲ ಸುತ್ತಿ ಜೇನುಗೂಡು ಹುಡುಕಿದಳು. ಅವಳಿಗೆ ಇನ್ನೂ ನಿಜ ಹೇಳಿಲ್ಲ, ನೀನು ಬಂದಾಗ ನೀನೇ ಹೇಳು.

ನಿನ್ನಮ್ಮನ ವಿಷಯ ಬರೆಯಲೇಬೇಕು. ಬೈದುಕೊಂಡೇ ಎಲ್ಲ ಮಾಡಿದಳು. ನೆಟ್ಟ ಜಾಗ ಒಣಗದ ಹಾಗೆ ಆಗಾಗ ಉಪ್ಪುನೀರು ಸಿಂಪಡಿಸಬೇಕಿತ್ತು. ಗಡಿಯಾರ ಎದುರಿಗಿಟ್ಟುಕೊಂಡು ಗಂಟೆಗೊಮ್ಮೆ ಎದ್ದು ಬರುತ್ತಿದ್ದಳು. "ಆರ್ಕಿಡ್ ಗಿಡಕ್ಕೂ ನಾನು ಇಷ್ಟು ಸೇವೆ ಮಾಡಿಲ್ಲ" ಎನ್ನುತ್ತಿದ್ದಳು. ತಲೆ ತೊಳೆಯುವಾಗ ಸೋಪಿನ ನೊರೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಉಜ್ಜದೆ, ಒತ್ತದೆ, ಬರೀ ಮುಟ್ಟಿ ಮುಟ್ಟಿ ಇಡುತ್ತಿದ್ದಳು. ಅವಳು ನನ್ನ ತಲೆಯನ್ನು ಅಷ್ಟು ಹೊತ್ತು ಮುಟ್ಟಿದ್ದು ನಮ್ಮ ಮದುವೆಯಾದ ಮೇಲೆ ಇದೇ ಮೊದಲು. ನನಗೆ ಕಣ್ಣಲ್ಲಿ ನೀರು ಬಂತು, ಸೋಪು ಹೋಯಿತು ಎಂದೆ.

ಈಗ ನನ್ನ ಮೊದಲ ದಡ್ಡತನ ಕೇಳು. ಆರನೇ ದಿನ ಅಮ್ಮ ಅಂಗಡಿಗೆ ಹೋಗಿದ್ದಳು. ನಾನು ಕನ್ನಡಿಯ ಮುಂದೆ ನಿಂತೆ. ನೆಟ್ಟ ಕೂದಲು ಚಿಕ್ಕ ಚಿಕ್ಕದಾಗಿ ನೆಟ್ಟಗೆ ನಿಂತಿದ್ದವು, ಬುಡದಲ್ಲಿ ಒಣಗಿದ ಹಕ್ಕಳೆ. ನಿನಗೆ ಗೊತ್ತಲ್ಲ, ಸಸಿ ನೆಟ್ಟು ವಾರವಾದ ಮೇಲೆ ಎಲೆ ಹಿಡಿದು ಮೆಲ್ಲಗೆ ಎಳೆದು ನೋಡುತ್ತೇವೆ. ಕೈಗೆ ಬಿಗಿ ಸಿಕ್ಕಿದರೆ ಬೇರು ಹಿಡಿದಿದೆ ಎಂದು ಅರ್ಥ. ನಲವತ್ತು ವರ್ಷದ ಅಭ್ಯಾಸ, ಕೈ ತಾನೇ ಹೋಯಿತು. ಬಂದೇಬಿಟ್ಟಿತು ಕಣೇ, ಬೇರುಸಮೇತ. ಇದೊಂದು ಸರಿಯಾಗಿ ಹಿಡಿದಿಲ್ಲವೇನೋ ಎಂದು ಪಕ್ಕದ್ದನ್ನು ನೋಡಿದೆ, ಅದೂ ಬಂತು, ಅದರಾಚೆಯದೂ ಬಂತು. ಹಣೆಯ ಮೇಲೆ ರಕ್ತ ಇಳಿಯಿತು.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸಮ್ಮ, "ಯಾಕೆ ಎಳೆದ್ರಿ?" ಎಂದರು.

"ಬೇರು ಹಿಡಿದಿದೆಯಾ ನೋಡೋಣ ಅಂತ."

"ಎಷ್ಟು ನೋಡಿದ್ರಿ?" ಎಂದರು.

"ಮೂರು."

"ಸಾಕು ಸರ್, ಹಿಡಿದಿದೆ. ಉಳಿದಿದ್ದನ್ನ ನೋಡಬೇಡಿ."

ಈ ಸುದ್ದಿ ಕೇಳಿ ಅಮ್ಮ ನನ್ನನ್ನು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಾಯ ನೆಕ್ಕಬಾರದು ಅಂತ ನಾಯಿ ಕತ್ತಿಗೆ ಕಟ್ತಾರಲ್ಲ, ಅದನ್ನ ನನ್ನ ಮಗಳ ಹತ್ರ ತರಿಸ್ತೀನಿ ನಿಮಗೆ" ಎಂದಳು.

ಎರಡನೇ ದಡ್ಡತನ ಇದಕ್ಕಿಂತ ದೊಡ್ಡದು. ಆಪರೇಷನ್ನಿನ ದಿನ ಗೊತ್ತುಮಾಡುವಾಗ ನಾನು ಡಾಕ್ಟರನ್ನು ಒಂದು ಮಾತೂ ಕೇಳಲಿಲ್ಲ. ಸಸಿ ನಾಟಿ ಮಾಡುವವನಿಗೆ ಗೊತ್ತಿಲ್ಲದ್ದೇನು, ಮೂರು ವಾರಕ್ಕೆ ಚೇತರಿಸಿಕೊಂಡು ಹಸಿರಾಗುತ್ತದೆ, ಸಮಾರಂಭಕ್ಕೆ ಇಪ್ಪತ್ತೇಳು ದಿನ ಇದೆ, ಬೇಕಾದಷ್ಟಾಯಿತು ಎಂದು ನಾನೇ ಗೊತ್ತುಮಾಡಿದೆ. ಅವರು ಎಲ್ಲವನ್ನೂ ಬರೆದ ಕಾಗದ ಕೊಟ್ಟಿದ್ದರು. ಮೊದಲ ಪುಟ ಓದಿದೆ. ಎರಡನೆಯದು ಓದುವ ಮೊದಲೇ ಯಾರೋ ಗಿರಾಕಿ ಬಂದು ಚೆಂಡುಹೂವಿನ ಬೀಜ ಕೇಳಿದರು. ಕೈಗೆ ಸಿಕ್ಕಿದ ಕಾಗದದಲ್ಲಿ ಬೀಜದ ಪೊಟ್ಟಣ ಕಟ್ಟುವವನು ನಾನು, ನಿನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿಯೇ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತ್ತು. ಗಿರಾಕಿ ಆ ಬೀಜ ಬೇಡವೆಂದು ಹೋದರು, ಪೊಟ್ಟಣ ಡಬ್ಬಿಯಲ್ಲೇ ಉಳಿಯಿತು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ದಿಂಬಿನ ತುಂಬ ಕೂದಲು. ಹಕ್ಕಳೆ ಉದುರಿ ನಾಲ್ಕು ದಿನವಾಗಿತ್ತು, ತಲೆ ಚೆನ್ನಾಗಿ ಕಾಣುತ್ತಿದೆ ಎಂದು ನಾನು ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ಈಗ ಕೈಯಾಡಿಸಿದರೆ ಅಂಗೈಗೆ ಅಂಟಿಕೊಂಡು ಬರುತ್ತಿದ್ದವು. ಆಸ್ಪತ್ರೆಗೆ ಓಡಿದೆ. ಡಾಕ್ಟರು ನೋಡಿ, "ಇದು ಉದುರಲೇಬೇಕು, ಬೇರು ಒಳಗಿದೆ. ಮೂರು ನಾಲ್ಕು ತಿಂಗಳಿಗೆ ಹೊಸದು ಬರುತ್ತೆ, ಪೂರ್ತಿ ತುಂಬೋಕೆ ಒಂದು ವರ್ಷ. ಕಾಗದದಲ್ಲಿ ಬರೆದಿದ್ದೆನಲ್ಲ" ಎಂದರು. ಮನೆಗೆ ಬಂದು ಡಬ್ಬಿ ಹುಡುಕಿ, ಬೀಜ ಸುರಿದು, ಪೊಟ್ಟಣ ಬಿಡಿಸಿ ಓದಿದೆ. 'ಮೂರನೇ ವಾರದಿಂದ' ಎಂದು ದಪ್ಪ ಅಕ್ಷರದಲ್ಲೇ ಇತ್ತು.

ಈಗ ಈ ತಲೆ ಹೇಗಿದೆ ಎಂದರೆ, ಮೊದಲಿನ ಬೋಳು ಎಷ್ಟೋ ವಾಸಿ. ಅದಾದರೂ ಹೊಳೆಯುತ್ತಿತ್ತು. ಈಗ ಮುಂದೆಲ್ಲ ಕೆಂಪು, ಅಲ್ಲಲ್ಲಿ ನಾಲ್ಕು ಕೂದಲು, ಹಿಂದೆ ಬೋಳಿಸಿದ್ದು ಇನ್ನೂ ಮೊಳೆಯುತ್ತಿದೆ. ಇಂಥ ತಲೆ ಹೊತ್ತು ನಿನ್ನ ಗೆಳತಿಯರ ಮುಂದೆ, ಮೇಷ್ಟ್ರುಗಳ ಮುಂದೆ ಹೇಗೆ ಕೂರಲಿ ಎಂದು ನಾಚಿಕೆಯಾಯಿತು. ಮಾರನೇ ದಿನ ನೀನು ಫೋನ್ ಮಾಡಿದಾಗ ಆರ್ಡರಿನ ಸುಳ್ಳು ಬಾಯಿಗೆ ಬಂತು.

ಫೋನ್ ಇಟ್ಟ ಮೇಲೆ ಅಮ್ಮ ನಿಂತಲ್ಲೇ ಕೇಳಿದಳು: "ಐದು ವರ್ಷ ಅವಳು ಹಸು ಎಮ್ಮೆಗಳ ಹೊಟ್ಟೆಗೆ ಕೈ ಹಾಕಿ ಓದಿದಾಳೆ. ನಿಮ್ಮ ತಲೆ ನೋಡಿ ಹೆದರ್ತಾಳಾ?" ಹೆದರುವವನು ನಾನು ಎಂದು ಅವಳಿಗೆ ಹೇಗೆ ಹೇಳಲಿ.

ಆದರೆ ಆ ಕುರ್ಚಿ ಖಾಲಿ ಇರುವುದನ್ನು ನನಗೆ ಸಹಿಸಲಾಗುವುದಿಲ್ಲ ಮಗಳೇ. ಬರುತ್ತೇನೆ. ಶನಿವಾರ ಬೆಳಗಿನ ಬಸ್ಸಿಗೆ ಇಬ್ಬರಿಗೂ ಸೀಟು ಆಗಿದೆ. ಸಡಿಲವಾದ ಟೋಪಿ ಹಾಕಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಹೊಸದೊಂದು ತಂದಿದ್ದಾಳೆ, ಬೂದು ಬಣ್ಣದ್ದು. ಸಮಾರಂಭ ಮುಗಿಯುವವರೆಗೂ ಅದನ್ನು ತೆಗೆಯುವುದಿಲ್ಲ, ಫೋಟೋದಲ್ಲೂ ಅಷ್ಟೇ. ನಿನಗೇನೂ ಮುಜುಗರವಾಗದ ಹಾಗೆ ನೋಡಿಕೊಳ್ಳುತ್ತೇನೆ. ಈ ಪತ್ರ ಗುರುವಾರ ನಿನ್ನ ಕೈ ಸೇರುತ್ತದೆ ಎಂದು ಕೊರಿಯರಿನವರು ಹೇಳಿದ್ದಾರೆ. ನಾವು ಬರುವ ಮೊದಲು ನೀನು ಇದೆಲ್ಲ ತಿಳಿದುಕೊಂಡಿರಲಿ ಎಂದೇ ಬರೆದೆ.

ನಿನ್ನ ಕೈಗುಣ ಚೆನ್ನಾಗಿರಲಿ. ನೀನು ಮುಟ್ಟಿದ ಮೂಕಪ್ರಾಣಿಗಳೆಲ್ಲ ಎದ್ದು ಓಡಾಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನನ್ನು ನೋಡಲು ಕಾಯುತ್ತಿರುವ,
ಅಪ್ಪ

ತಾ.ಕ.: ಪತ್ರ ಮಡಿಸಿ ಕವರಿಗೆ ಹಾಕಿ, ಮತ್ತೆ ತೆಗೆದೆ. ಬಿಸಿಲು, ಫೋಟೋ ಎಂದು ಬರೆದದ್ದೆಲ್ಲ ಅಮ್ಮನಿಗೆ ಹೇಳಿದ್ದೇ. ನಿನಗೆ ನಿಜ ಹೇಳುತ್ತೇನೆ, ಓದಿ ಅಳಬೇಡ.

ನೀನು ನಾಲ್ಕನೇ ಕ್ಲಾಸಿನಲ್ಲಿದ್ದೆ. ನಾನು ಸ್ಕೂಲಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಹಿಂದಿನ ಕುಂಡಗಳಿಗೆ ಹಗ್ಗ ಬಿಗಿಯುತ್ತಿದ್ದೆ. ಎರಡು ಜಡೆಯ ಹುಡುಗಿಯೊಬ್ಬಳು ನಿನ್ನನ್ನು, "ಅವರು ನಿಮ್ಮ ತಾತನಾ?" ಎಂದು ಕೇಳಿದಳು. ನೀನು ಒಮ್ಮೆ ನನ್ನ ಕಡೆ ನೋಡಿದೆ, ಚೀಲದ ಪಟ್ಟಿ ಸರಿಮಾಡಿಕೊಂಡೆ, ಹೂಂ ಎಂದೆ. ನನಗೆ ಕೇಳಿಸಿಲ್ಲ ಎಂದುಕೊಂಡೆ ನೀನು. ಆಮೇಲೆ ಆ ಹುಡುಗಿ ಓಡಿ ಬಂದು, "ತಾತಾ, ಅವಳು ಡಬ್ಬಿ ಮರೆತುಹೋಗ್ತಿದ್ಲು" ಎಂದು ಕೈಗೆ ಕೊಟ್ಟಳು. ನೀನು ಸುಳ್ಳುಗಾತಿ ಆಗಬಾರದು ಎಂದು ನಾನೂ, "ಆಯ್ತು ಮರಿ, ತಾತ ತಗೊಂಡೆ" ಎಂದೆ.

ಮರುದಿನದಿಂದ ನಾನು ಮೂಲೆಯ ಪುಸ್ತಕದಂಗಡಿಯ ಹತ್ತಿರ ನಿಲ್ಲುತ್ತಿದ್ದೆ. "ಯಾಕಪ್ಪ ಅಷ್ಟು ದೂರ ನಿಲ್ತೀಯ?" ಎಂದು ನೀನು ಎಷ್ಟು ಸಲ ಕೇಳಿದೆ. ಗೇಟಿನ ಹತ್ತಿರ ಗಾಡಿಗೆ ಜಾಗವಿಲ್ಲ ಎನ್ನುತ್ತಿದ್ದೆ. ಜಾಗ ಇತ್ತು ಬಟಾಣಿ. ನಿನ್ನ ತಪ್ಪು ಏನೂ ಇಲ್ಲ, ಒಂಬತ್ತು ವರ್ಷದ ಮಗು. ಆದರೆ ಹದಿನಾಲ್ಕು ವರ್ಷವಾದರೂ ನನಗೆ ಮರೆಯಲಾಗಿಲ್ಲ, ಅದಕ್ಕೇ ಈ ತಲೆ.

ಶನಿವಾರ ನಾನು ನಿಮ್ಮ ಕಾಲೇಜಿನ ಗೇಟಿನ ಹತ್ತಿರವೇ ನಿಂತಿರುತ್ತೇನೆ. ಯಾರಾದರೂ ಕೇಳಿದರೆ ನಿನಗೆ ತೋಚಿದ್ದು ಹೇಳು, ಏನು ಹೇಳಿದರೂ ನಾನು ಹೂಂ ಎನ್ನುತ್ತೇನೆ. ಬೂದು ಬಣ್ಣದ ಟೋಪಿಯನ್ನು ಹುಡುಕಬೇಡ, ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.